ಮೊದಲ ಮದ್ದು, ಎರಡನೆಯ ಮದ್ದು, ನಡುವೆ ಲಾಕ್‌ಡೌನ್

1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಹೊಡೆಯುವ ಮದ್ದಿನ ಲೆಕ್ಕ ಇದು. ಮೈಲುತುತ್ತವನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನು 50ರಲ್ಲಿ ಬೇರೆ ಬೇರೆ ಕರಗಿಸಿ, ಎರಡನ್ನೂ ಮೂರನೆಯ ಡ್ರಮ್ಮಿಗೆ ಒಟ್ಟೊಟ್ಟಿಗೆ ಸುರಿಯುತ್ತ ತಿರುವಬೇಕು. ಕಬ್ಬಿಣದ ಪಾತ್ರೆ ಆಗದು. ಬೆರೆಸಿದ ಮೇಲೆ ಉಜ್ಜಿ ಹೊಳಪು ಬರಿಸಿದ ಕತ್ತಿಯನ್ನು ಅದ್ದಿ ನೋಡಬೇಕು. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು. ಮಾಡಿದ ಮದ್ದು ಅವತ್ತೇ ಖಾಲಿಯಾಗಬೇಕು. ಮೊದಲ ಸಲ ಮುಂಗಾರು ಹಿಡಿಯುವ ಮುಂಚೆ, ಎರಡನೆಯ ಸಲ 40-45 ದಿನ ಬಿಟ್ಟು. ಮೊದಲಿನದು ತಪ್ಪಿದ ತೋಟದಲ್ಲಿ ಎಳೆಗಾಯಿ ಉದುರಲು ಹಿಡಿದರೆ ಉದುರಿದ್ದನ್ನು ಯಾವ ಮದ್ದೂ ಮತ್ತೆ ಗೊನೆಗೆ ಅಂಟಿಸದು.

ಈ ಲೆಕ್ಕವನ್ನು 2021ರ ಕೋವಿಡ್ ಆದೇಶಗಳ ಪಕ್ಕ ಇಟ್ಟು ನೋಡಿ. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಕರ್ಫ್ಯೂ. ಮೇ 10ರಿಂದ ಬಿಗಿ ಲಾಕ್‌ಡೌನ್, ಮೊದಲು 24ರವರೆಗೆ, ಆಮೇಲೆ ಜೂನ್ 7, ಆಮೇಲೆ ಜೂನ್ 14. ಅಗತ್ಯ ವಸ್ತುಗಳ ಅಂಗಡಿ ಬೆಳಿಗ್ಗೆ 6ರಿಂದ 10ರವರೆಗೆ. ತೋಟಕ್ಕೆ ಮದ್ದು ತರಬೇಕಾದ, ಮರವೇರಿ ಮದ್ದು ಹೊಡೆಯುವ ಕೊನೆಗೌಡರನ್ನು ಗೊತ್ತುಮಾಡಿ ಕರೆಸಬೇಕಾದ, ಪಂಪು ರಿಪೇರಿಗೆ ಪೇಟೆಗೆ ಒಯ್ಯಬೇಕಾದ ದಿನಗಳು ಸರಿಯಾಗಿ ಇವೇ. ಅದೇ ದಿನಗಳಲ್ಲಿ ಜಿಲ್ಲೆಯ ಆಸ್ಪತ್ರೆಗಳಲ್ಲಿ ಆಮ್ಲಜನಕದ ಹಾಸಿಗೆಗಾಗಿ ಮನೆಯವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಯಾವಾಗ ಸಡಿಲಿಸಬೇಕು ಎಂಬ ಜಗಳ ಅಷ್ಟು ಕಹಿಯಾದದ್ದು ಇದಕ್ಕೇ. ಎರಡೂ ಕಡೆಯವರ ಕೈಯಲ್ಲಿ ಸತ್ಯವಿತ್ತು, ಎರಡೂ ಕಡೆಯವರಿಗೆ ತಡವಾದರೆ ಕಳೆದುಕೊಳ್ಳುವುದಿತ್ತು.

ಆ ಜಗಳ ಹೆಚ್ಚಾಗಿ ದಿನಾಂಕದ ಮೇಲೆ ನಡೆಯಿತು. 7ಕ್ಕೆ ತೆಗೆಯಬೇಕೋ, 14ಕ್ಕೋ, 21ಕ್ಕೋ ಎಂದು. ದಿನಾಂಕಕ್ಕೂ ಬೆಲೆಯಿದೆ, ಇಲ್ಲವೆನ್ನುವಂತಿಲ್ಲ. ಆದರೆ ಆ ದಿನಾಂಕ ಯಾವ ಊರಿಗೆ, ಯಾವ ಕೆಲಸಕ್ಕೆ, ದಿನದ ಯಾವ ಹೊತ್ತಿಗೆ ಎನ್ನುವ ಪ್ರಶ್ನೆಗಳಲ್ಲಿ ಹೆಚ್ಚಿನ ಜೀವ ಮತ್ತು ಹೆಚ್ಚಿನ ದುಡಿಮೆ ಅಡಗಿತ್ತು ಎಂಬುದು ನನ್ನ ನಂಬಿಕೆ. ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ.

ಮೊದಲು ದಿನಾಂಕದ ಬೆಲೆಯನ್ನೇ ಲೆಕ್ಕ ಹಾಕೋಣ. ಸೋಂಕು ಒಬ್ಬರಿಂದ ಮುಂದಿನವರಿಗೆ ದಾಟಲು ಸುಮಾರು 5 ದಿನ ಎಂದಿಟ್ಟುಕೊಳ್ಳಿ. ಇದು ಒಂದು ಸುತ್ತು. ಬಿಗಿ ಇರುವಾಗ 10 ಜನರಿಂದ 8 ಜನರಿಗೆ ದಾಟುತ್ತದೆ, ಸಡಿಲಿಸಿದ ಮೇಲೆ 10ರಿಂದ 12ಕ್ಕೆ. ದಿನಕ್ಕೆ 200 ಹೊಸ ಪ್ರಕರಣ ಇರುವ ದಿನ ಬಾಗಿಲು ತೆರೆದರೆ 30 ದಿನಗಳಲ್ಲಿ, ಅಂದರೆ 6 ಸುತ್ತಿನಲ್ಲಿ, ಅದು ಹತ್ತಿರಹತ್ತಿರ 600 ಆಗುತ್ತದೆ. ಅದರ ಬದಲು ಇನ್ನು 15 ದಿನ ಕಾದರೆ 200 ಇದ್ದದ್ದು 160, 128, 102 ಹೀಗೆ ಇಳಿಯುತ್ತದೆ. ಆಗ ತೆರೆದರೆ ಮುಂದಿನ 30 ದಿನಕ್ಕೆ ಅದು 305ರ ಆಸುಪಾಸು ನಿಲ್ಲುತ್ತದೆ. 15 ದಿನದ ಕೂಲಿ ಬಿಟ್ಟದ್ದಕ್ಕೆ ಸಿಕ್ಕಿದ್ದು ಅರ್ಧದಷ್ಟು ಹೊರೆ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ ಮತ್ತೆ 200 ಮುಟ್ಟಲು ಸುಮಾರು 18 ದಿನ ಹಿಡಿಯುತ್ತದೆ. ಲಾಕ್‌ಡೌನ್ ಕೊಡುವುದು ಸಮಯವನ್ನು. ಆ 18 ದಿನಗಳಲ್ಲಿ ಏನು ಮಾಡಿದೆವು ಎಂದು ಕೇಳದೆ ಕಾದದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಬರುವುದಿಲ್ಲ.

ಮಾಡಬೇಕಾದದ್ದಂತೂ ಬೇಕಾದಷ್ಟಿತ್ತು. ನಿಮಿಷಕ್ಕೆ 10 ಲೀಟರ್ ಆಮ್ಲಜನಕದ ಮೇಲಿರುವ ಒಬ್ಬ ರೋಗಿಗೆ ದಿನಕ್ಕೆ 14,400 ಲೀಟರ್ ಬೇಕು. ದೊಡ್ಡ ಜಂಬೋ ಸಿಲಿಂಡರಿನಲ್ಲಿ ಇರುವುದು ಸುಮಾರು 7,000 ಲೀಟರ್. ಹಾಗಾಗಿ ಒಬ್ಬರಿಗೆ ದಿನಕ್ಕೆ 2 ಸಿಲಿಂಡರ್, ಮೇಲಿಷ್ಟು. ಅದೇ ರೋಗಿಯನ್ನು ನಿಮಿಷಕ್ಕೆ 60 ಲೀಟರ್ ಹರಿಸುವ ಯಂತ್ರಕ್ಕೆ ಹಾಕಿದರೆ 12 ಸಿಲಿಂಡರ್ ಸಾಲುವುದಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಅಂಥ 5 ರೋಗಿಗಳಿದ್ದರೆ ಖಾಲಿ ಸಿಲಿಂಡರ್ ಹೊತ್ತ ಲಾರಿ ನಿಂತಲ್ಲಿ ನಿಲ್ಲುವಂತಿಲ್ಲ. ಗಾಳಿಯಿಂದಲೇ ಆಮ್ಲಜನಕ ತೆಗೆಯುವ, ನಿಮಿಷಕ್ಕೆ 500 ಲೀಟರಿನ ಒಂದು ಘಟಕ ಆಸ್ಪತ್ರೆಯ ಹಿತ್ತಿಲಲ್ಲಿ ಕೂತರೆ 10 ಲೀಟರಿನ ಲೆಕ್ಕದಲ್ಲಿ 50 ಹಾಸಿಗೆಗೆ ಉಸಿರು ಸಿಗುತ್ತದೆ. ಆದರೆ ಘಟಕ ಬಂದರೆ ಆಗಲಿಲ್ಲ. ಅದಕ್ಕೆ ಸ್ಥಿರವಾದ ಮೂರು ಫೇಸ್ ಕರೆಂಟು ಬೇಕು, ಕರೆಂಟು ಹೋದಾಗ ತಾನೇ ಶುರುವಾಗುವ ಜನರೇಟರ್ ಬೇಕು, ಹಾಸಿಗೆಯವರೆಗೆ ಪೈಪು ಎಳೆದಿರಬೇಕು, ಫಿಲ್ಟರ್ ಬದಲಿಸಲು ಗೊತ್ತಿದ್ದವರು ಊರಲ್ಲೇ ಇರಬೇಕು. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ನಮ್ಮ ಕಡೆ ಜನರೇಟರ್ ಇಲ್ಲದ ಘಟಕವನ್ನು ನೆಚ್ಚುವಂತಿಲ್ಲ. ಇನ್ನು ಲಸಿಕೆ. 2021ರ ಮೇ 13ರಂದು ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರ 12ರಿಂದ 16 ವಾರವಾಯಿತು. ಏಪ್ರಿಲ್ ಮೊದಲ ವಾರ ಮೊದಲ ಡೋಸ್ ಪಡೆದ 60ರ ಅಜ್ಜಿಗೆ ಎರಡನೆಯದು ಜೂನ್ ಕೊನೆಗೆ, ಇಲ್ಲವೇ ಜುಲೈಗೆ. ಜೂನ್ 7 ಮತ್ತು 14ರ ನಡುವಿನ ಜಗಳದಲ್ಲಿ ಅವಳ ಹೆಸರು ಬರಬೇಕಿತ್ತು.

ಸಡಿಲಿಕೆಗೆ ಅಳತೆಗೋಲಾದದ್ದು ಪಾಸಿಟಿವಿಟಿ ದರ, ಅಂದರೆ ಪರೀಕ್ಷೆ ಮಾಡಿದ 100ರಲ್ಲಿ ಎಷ್ಟು ಪಾಸಿಟಿವ್ ಎಂಬುದು. 2021ರ ಏಪ್ರಿಲ್ ಕೊನೆಯಲ್ಲಿ ಕೇಂದ್ರ ಗೃಹ ಸಚಿವಾಲಯ ಹೇಳಿದ್ದು ಹೀಗೆ: ಹಿಂದಿನ ಒಂದು ವಾರದಲ್ಲಿ ದರ ಶೇ 10 ಅಥವಾ ಹೆಚ್ಚು ಇದ್ದರೆ, ಇಲ್ಲವೇ ಆಮ್ಲಜನಕ ಅಥವಾ ಐಸಿಯು ಹಾಸಿಗೆಗಳು ಶೇ 60ಕ್ಕಿಂತ ಹೆಚ್ಚು ತುಂಬಿದ್ದರೆ ಅಲ್ಲಿ ಬಿಗಿ ಕ್ರಮ ಬೇಕು. ಜೂನ್ 21ರ ಸಡಿಲಿಕೆಯಲ್ಲಿ ರಾಜ್ಯ ಇಟ್ಟುಕೊಂಡ ಗೆರೆ ಶೇ 5. ಉತ್ತರ ಕನ್ನಡ ಅದರ ಕೆಳಗಿದ್ದ 16 ಜಿಲ್ಲೆಗಳ ಪಟ್ಟಿಯಲ್ಲಿತ್ತು.

ಗೆರೆ ಬೇಕು, ಸರಿ. ಗೆರೆಯೇ ಇಲ್ಲದಿದ್ದರೆ ಯಾರ ದನಿ ದೊಡ್ಡದೋ ಅವರ ಅಂಗಡಿ ಮೊದಲು ತೆರೆಯುತ್ತದೆ. ಆದರೆ ಈ ದರ ಒಂದು ಭಾಗಾಕಾರ. ಮೇಲಿನ ಸಂಖ್ಯೆಯಷ್ಟೇ ಕೆಳಗಿನ ಸಂಖ್ಯೆಯೂ ಅದನ್ನು ಕುಣಿಸುತ್ತದೆ. ಜ್ವರ ಬಂದು ಆಸ್ಪತ್ರೆಗೆ ಬಂದವರನ್ನೇ ಪರೀಕ್ಷಿಸಿದರೆ ದರ ಏರುತ್ತದೆ. ಗುರಿ ಮುಟ್ಟಿಸಲೆಂದು ಬಸ್ ನಿಲ್ದಾಣದಲ್ಲಿ, ಪಡಿತರದ ಸಾಲಿನಲ್ಲಿ ಆರೋಗ್ಯವಾಗಿ ನಿಂತವರ ಮೂಗಿಗೆ ಕಡ್ಡಿ ಹಾಕಿದರೆ ದರ ಇಳಿಯುತ್ತದೆ, ರೋಗ ಇಳಿದಿರುವುದಿಲ್ಲ. ಅದರ ಮೇಲೆ ಪರೀಕ್ಷೆಯ ಬಗೆಯೂ ಇದೆ. 15-30 ನಿಮಿಷದಲ್ಲಿ ಫಲಿತಾಂಶ ಕೊಡುವ ರ‍್ಯಾಪಿಡ್ ಆಂಟಿಜೆನ್ ಕಿಟ್ಟಿಗೆ 2020ರ ಜೂನ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಒಪ್ಪಿಗೆ ಕೊಟ್ಟಾಗ ಅದು ನಿಜವಾದ ಸೋಂಕಿತರಲ್ಲಿ ಶೇ 50.6ರಿಂದ 84ರವರೆಗೆ ಮಾತ್ರ ಹಿಡಿಯುತ್ತದೆಂದು ತಾನೇ ಬರೆದಿತ್ತು. ಅದಕ್ಕೇ ಲಕ್ಷಣ ಇದ್ದೂ ನೆಗೆಟಿವ್ ಬಂದವರಿಗೆ ಪ್ರಯೋಗಾಲಯದ, ಹೆಚ್ಚು ನಿಖರವಾದ ಆರ್‌ಟಿ-ಪಿಸಿಆರ್ ಮಾಡಲೇಬೇಕು ಎಂಬ ನಿಯಮವಿತ್ತು. ಒಂದು ವಾರ ಆರ್‌ಟಿ-ಪಿಸಿಆರ್ ಹೆಚ್ಚು, ಮುಂದಿನ ವಾರ ಕಿಟ್ಟು ಹೆಚ್ಚು ಆದರೆ ಆ ಎರಡು ವಾರಗಳ ದರವನ್ನು ಹೋಲಿಸುವುದು ತೂಕದ ಬಟ್ಟು ಬದಲಿಸಿ ಅಡಿಕೆ ತೂಗಿದ ಹಾಗೆ.

ಸಣ್ಣ ತಾಲೂಕಿನ ಕಷ್ಟ ಬೇರೆಯೇ. ಜೊಯಿಡಾದಂಥ ಕಡೆ ಒಂದು ದಿನ 40 ಪರೀಕ್ಷೆಯಾಗಿ, ಒಂದೇ ಮನೆಯ 4 ಜನ ಪಾಸಿಟಿವ್ ಬಂದರೆ ಅವತ್ತಿನ ದರ ಶೇ 10. ಮರುದಿನ ಸೊನ್ನೆ. ಇಂಥಲ್ಲಿ 7 ದಿನದ ಒಟ್ಟು ಪಾಸಿಟಿವನ್ನು 7 ದಿನದ ಒಟ್ಟು ಪರೀಕ್ಷೆಯಿಂದ ಭಾಗಿಸಬೇಕೇ ಹೊರತು ದಿನದ ದರಗಳ ಸರಾಸರಿ ತೆಗೆಯಬಾರದು. ಯಾವ ಅಂಕಿಯಾದರೂ ಹಳೆಯದು ಎಂಬುದನ್ನೂ ನೆನಪಿಡಬೇಕು. ಸೋಂಕು ತಗುಲಿ ಲಕ್ಷಣ ಕಾಣಲು 5 ದಿನ, ಪರೀಕ್ಷೆಗೆ ಹೋಗಲು 2-3 ದಿನ, ವರದಿಗೆ ಇನ್ನೊಂದೆರಡು. ಇವತ್ತಿನ ಪತ್ರಿಕೆಯ ಸಂಖ್ಯೆ 10 ದಿನದ ಹಿಂದಿನ ಮದುವೆಮನೆಯದು. ಸಾವಿನ ಸಂಖ್ಯೆ ಇನ್ನೂ ಹಿಂದಿನದು. ಸಡಿಲಿಸಿದ ಮೂರನೆಯ ದಿನ ‘ನೋಡಿ, ಏನೂ ಆಗಲಿಲ್ಲ’ ಎಂದವರೂ, ಬಿಗಿ ಮಾಡಿದ ಮೂರನೆಯ ದಿನ ‘ನೋಡಿ, ಏನೂ ಉಪಯೋಗವಿಲ್ಲ’ ಎಂದವರೂ ಒಂದೇ ತಪ್ಪು ಮಾಡುತ್ತಿದ್ದರು. ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ 14 ದಿನವಾದರೂ ಬೇಕು. ಒಂದು ವಾರಕ್ಕೆ ಹೊಸ ಆದೇಶ ಬಂದರೆ ಹಿಂದಿನದರಿಂದ ಏನಾಯಿತೆಂದು ತಿಳಿಯುವುದರೊಳಗೆ ಮುಂದಿನದು ಜಾರಿಯಾಗಿರುತ್ತದೆ.

ಹಾಸಿಗೆಯ ಲೆಕ್ಕ ನಮ್ಮಲ್ಲಿ ಇನ್ನೂ ಮೋಸ ಮಾಡುತ್ತದೆ. ಇದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಕೇಳುತ್ತಿರುವ ಜಿಲ್ಲೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದ್ದರೂ ಉಸಿರು ಹತ್ತದವರನ್ನು ಮನೆಯವರು ಕರೆದೊಯ್ಯುವುದು ಕಾರವಾರದಿಂದ ಗೋವಾಕ್ಕೆ, ಶಿರಸಿಯಿಂದ ಹುಬ್ಬಳ್ಳಿಗೆ, ಭಟ್ಕಳದಿಂದ ಮಣಿಪಾಲಕ್ಕೆ. ಹೀಗೆ ಹೋದವರು ಇಲ್ಲಿನ ಐಸಿಯು ಪಟ್ಟಿಯಲ್ಲಿ ಇರುವುದಿಲ್ಲ. ಇಲ್ಲಿ ಹಾಸಿಗೆ ಖಾಲಿ ಕಾಣುತ್ತದೆ, ಶೇ 60ರ ಗೆರೆ ದೂರ ಇರುತ್ತದೆ, ರೋಗಿ ಮಾತ್ರ 100 ಕಿ.ಮೀ. ಆಚೆ ಬಾಗಿಲಲ್ಲಿ ಆಂಬುಲೆನ್ಸಿನಲ್ಲಿ ಮಲಗಿರುತ್ತಾರೆ. ಹಾಗಾಗಿ ಇಲ್ಲಿ ಬಾಗಿಲು ತೆರೆಯಬಹುದೇ ಎಂದು ನೋಡುವವರು ಹುಬ್ಬಳ್ಳಿಯ, ಮಣಿಪಾಲದ, ಗೋವಾದ ಹಾಸಿಗೆಗಳನ್ನೂ ಎಣಿಸಬೇಕು. ಗಡಿ ಇನ್ನೊಂದು ತೊಡಕು. 2021ರ ಮೇನಲ್ಲಿ ಗೋವಾಕ್ಕೆ ಹೋಗಲು ನೆಗೆಟಿವ್ ವರದಿ ಬೇಕಾಯಿತು. ಸದಾಶಿವಗಡ, ಮಾಜಾಳಿ ಕಡೆಯಿಂದ ದಿನಾ ಬೆಳಿಗ್ಗೆ ಗಡಿ ದಾಟಿ ಸಂಜೆ ಮರಳುವ ಕೆಲಸಗಾರರಿಗೆ ಎರಡು ರಾಜ್ಯಗಳ ಎರಡು ಆದೇಶಗಳ ನಡುವೆ ದಾರಿ ಹುಡುಕುವುದೇ ಒಂದು ದುಡಿಮೆಯಾಯಿತು.

ಜಿಲ್ಲೆಯನ್ನು ಒಂದೇ ಘಟಕವೆಂದು ಎಣಿಸಿದ್ದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತಪ್ಪು. 2020ರ ಮಾರ್ಚ್ ಕೊನೆಯ ವಾರ ಇಲ್ಲಿನ ಮೊದಲ ಪ್ರಕರಣಗಳು ಬಂದದ್ದು ಭಟ್ಕಳದಲ್ಲಿ. ಅವರಿಗೆ ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ, ಗುಣಮುಖರಾಗಿ ಮನೆಗೆ ಹೋದರು. ಏಪ್ರಿಲ್ ಕೊನೆಗೆ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದ ಕೇಂದ್ರದ ಪಟ್ಟಿ ಬಂದಾಗ ಇಡೀ ಜಿಲ್ಲೆ ಕಿತ್ತಳೆ ವಲಯ. ಭಟ್ಕಳದಿಂದ ಹಳಿಯಾಳಕ್ಕೆ 200 ಕಿ.ಮೀ. ಆಸುಪಾಸು, ನಡುವೆ ಘಟ್ಟ. ಹಳಿಯಾಳದ ಗೋವಿನಜೋಳದ ರೈತ ವ್ಯಾಪಾರಕ್ಕೆ ಹೋಗುವುದು ಧಾರವಾಡಕ್ಕೆ, ಭಟ್ಕಳಕ್ಕಲ್ಲ. ಬಣ್ಣ ಜಿಲ್ಲೆಗೆ ಹಚ್ಚಿದ್ದರಿಂದ ಇನ್ನೂ ಒಂದು ಅನಾಹುತವಾಯಿತು. ಬೇರೆ ತಾಲೂಕಿನವರ ಅಂಗಡಿ ಮುಚ್ಚಿದ್ದಕ್ಕೆ ಒಂದು ಊರನ್ನು, ಆ ಊರಿನ ಒಂದು ಸಮುದಾಯವನ್ನು ಹೊಣೆ ಮಾಡುವ ಮಾತು ಶುರುವಾಯಿತು. ರೋಗಕ್ಕೆ ಹೆದರಿದವರು ಪರೀಕ್ಷೆಗೆ ಬರುತ್ತಾರೆ, ಅವಮಾನಕ್ಕೆ ಹೆದರಿದವರು ಬರುವುದಿಲ್ಲ. ಜನ ಲಕ್ಷಣ ಮುಚ್ಚಿಟ್ಟರೆ ಯಾವ ದರಕ್ಕೂ ಅರ್ಥವಿರುವುದಿಲ್ಲ. ಸಡಿಲಿಕೆಯ ಘಟಕ ಜನ ನಿಜವಾಗಿ ಓಡಾಡುವ ಪೇಟೆಯ ಸುತ್ತಳತೆ ಆಗಬೇಕಿತ್ತು. ಕುಮಟಾ-ಹೊನ್ನಾವರ ಒಂದು, ಶಿರಸಿ-ಸಿದ್ದಾಪುರ ಒಂದು, ಹಳಿಯಾಳ-ದಾಂಡೇಲಿ ಒಂದು, ಹೀಗೆ.

ಬೆಳಿಗ್ಗೆ 6ರಿಂದ 10ರ ಕಿಂಡಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಉದ್ದೇಶ ಒಳ್ಳೆಯದು: ಓಡಾಟ ಕಡಿಮೆಯಾಗಲಿ. ಆದರೆ ಅಕ್ಕಿ, ಎಣ್ಣೆ, ಮಾತ್ರೆ ಬೇಕಾದವರ ಸಂಖ್ಯೆ ಗಡಿಯಾರ ನೋಡಿ ಇಳಿಯುವುದಿಲ್ಲ. ಒಂದು ಪೇಟೆಗೆ ದಿನಕ್ಕೆ 2,000 ಜನ ಬಂದು ತಲಾ 15 ನಿಮಿಷ ಇರುತ್ತಾರೆಂದುಕೊಳ್ಳಿ. 12 ತಾಸು ತೆರೆದಿದ್ದರೆ ಯಾವ ಹೊತ್ತಿಗೂ ಅಲ್ಲಿ ಇರುವವರು ಸುಮಾರು 42. ನಾಲ್ಕೇ ತಾಸಾದರೆ 125. ಅದೂ ಸಮವಾಗಿ ಬಂದರೆ. 9ರ ಮೇಲೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ಶಿರಸಿಯ ಪೇಟೆಯಿಂದ 25-30 ಕಿ.ಮೀ. ಒಳಗಿನ ಹಳ್ಳಿಯವರ ಪಾಡು ಯೋಚಿಸಿ. ವಸ್ತಿ ಬಸ್ಸಿಲ್ಲ. ವಾಹನ ತರಬಾರದು, ಹತ್ತಿರದ ಅಂಗಡಿಗೆ ನಡೆದೇ ಹೋಗಬೇಕು ಎಂಬ ಮಾತು ಮೊದಲು ಬಂದು ಆಮೇಲೆ ಸಡಿಲಾಯಿತು. ಹತ್ತಿರದ ಅಂಗಡಿಯೇ 6 ಕಿ.ಮೀ. ದೂರ ಇರುವ ಊರುಗಳು ಘಟ್ಟದ ಮೇಲೆ ಎಷ್ಟಿಲ್ಲ! ಹಾಲು ಕರೆದು, ಕೊಟ್ಟಿಗೆ ಮುಗಿಸಿ, ಬಾಡಿಗೆ ಗಾಡಿ ಹಿಡಿದು ಪೇಟೆ ಮುಟ್ಟುವುದರೊಳಗೆ ಶಟರು ಎಳೆಯುತ್ತಿದ್ದರು. ಜೂನ್ 14ರಿಂದ ಸಮಯ ಮಧ್ಯಾಹ್ನ 2ರವರೆಗೆ ಆಯಿತು. ಅದು ಸಡಿಲಿಕೆಯೂ ಹೌದು, ಗುಂಪು ಕಡಿಮೆ ಮಾಡುವ ಕ್ರಮವೂ ಹೌದು. ಬಿಗಿಯ ನಡುವೆಯೇ ಅದನ್ನು ಮಾಡಬಹುದಿತ್ತು: ಅಂಗಡಿಗಳ ಬಗೆ ಕಡಿಮೆ ಇರಲಿ, ತಾಸು ಹೆಚ್ಚಿರಲಿ. ವಾರದಲ್ಲಿ ಎರಡು ದಿನ ಮೈಲುತುತ್ತ, ಸುಣ್ಣ, ಗೊಬ್ಬರಕ್ಕೆಂದೇ ಇಟ್ಟು, ಪ್ರಾಥಮಿಕ ಸಹಕಾರಿ ಸಂಘಗಳ ಮೂಲಕ ಹಳ್ಳಿಗೇ ತಲುಪಿಸಬಹುದಿತ್ತು. ಸಂಘಕ್ಕೆ ಸದಸ್ಯರ ಪಟ್ಟಿ ಗೊತ್ತು, ಯಾರಿಗೆ ಎಷ್ಟು ಎಕರೆ ಎಂಬುದು ಗೊತ್ತು.

ಘಟ್ಟದ ಕೆಳಗೆ ಕಡಲಿನ ಪಂಚಾಂಗ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ನಿಷೇಧ. ಅದರ ಹಿಂದಿನ ಏಪ್ರಿಲ್-ಮೇ ಎಂದರೆ ಮಳೆಗಾಲಕ್ಕೆ ದುಡ್ಡು ಕಟ್ಟಿಕೊಳ್ಳುವ, ಮರಳಿನ ಮೇಲೆ ಮೀನು ಒಣಗಿಸಿ ಇಡುವ ತಿಂಗಳು. 2020ರಲ್ಲಿ ಮಾರ್ಚ್ 25ಕ್ಕೆ ನಿಂತ ಸಮುದ್ರ ಮೀನುಗಾರಿಕೆಗೆ ಏಪ್ರಿಲ್ 10ರಂದು ಕೇಂದ್ರ ವಿನಾಯಿತಿ ಕೊಟ್ಟಿತು. ಆದರೆ ಕಾಗದದ ವಿನಾಯಿತಿಯಿಂದ ಬೋಟು ಹೊರಡುವುದಿಲ್ಲ. ಐಸ್ ಪ್ಲಾಂಟ್ ನಡೆಯಬೇಕು, ಡೀಸೆಲ್ ಸಿಗಬೇಕು, ಊರಿಗೆ ಹೋದ ಒಡಿಶಾ, ಜಾರ್ಖಂಡದ ಖಲಾಸಿಗಳು ಬರಬೇಕು, ಹಿಡಿದದ್ದನ್ನು ಒಯ್ಯುವ ಲಾರಿಗೆ ರಾಜ್ಯದ ಗಡಿ ತೆರೆದಿರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಇಲ್ಲದಿದ್ದರೆ ಬಂಗಡೆ ಬುಟ್ಟಿಯಲ್ಲೇ ಕೊಳೆಯುತ್ತದೆ. ಆ ವರ್ಷ ಕೇಂದ್ರ ಪಶ್ಚಿಮ ಕರಾವಳಿಯ ನಿಷೇಧವನ್ನು ಜೂನ್ 15ರಿಂದ ಶುರುಮಾಡಿ 47 ದಿನಕ್ಕೆ ಇಳಿಸಿತು. ಕಳೆದ ದಿನಗಳಿಗೆ ಪರಿಹಾರವೆಂದು. ಜೂನ್ ಮೊದಲ ವಾರ ಅರಬ್ಬಿ ಸಮುದ್ರ ಹೇಗಿರುತ್ತದೆಂದು ಬೋಟು ನಡೆಸುವ ತಾಂಡೇಲರಿಗೆ ಗೊತ್ತು. ಏಪ್ರಿಲ್‌ನಲ್ಲಿ ಕಳೆದುಕೊಂಡ ದಿನಗಳಿಗೆ ಜೂನ್‌ನ 14 ದಿನ ಸಮನಾಗುವುದಿಲ್ಲ.

ಬೋಟಿನಲ್ಲಿ ರೋಗ ಹರಡದಂತೆ ನೋಡಿಕೊಳ್ಳುವುದು ಕಷ್ಟವೇನಲ್ಲ. ದೊಡ್ಡ ಬಲೆಯ ಪರ್ಸೀನ್ ಬೋಟಿನ 25-30 ಜನ ಇಡೀ ಋತು ಒಟ್ಟಿಗೇ ಇರುತ್ತಾರೆ, ಅವರನ್ನು ಒಂದು ಮನೆ ಎಂದು ಎಣಿಸಿದರಾಯಿತು: ಜನ ಬದಲಾಯಿಸಬಾರದು, ಒಬ್ಬರಿಗೆ ಜ್ವರ ಬಂದರೆ ಇಡೀ ಬೋಟು ದಡದಲ್ಲಿ, ಆ ದಿನಗಳ ಪಾಲು ಅವರಿಗೆ ಸಿಗಬೇಕು. ಈ ಕೊನೆಯ ಮಾತು ಇಲ್ಲದೆ ಮೊದಲಿನ ಎರಡು ನಡೆಯುವುದಿಲ್ಲ. ಪಾಲು ಕತ್ತರಿಸಿದರೆ ಜ್ವರದ ಮಾತ್ರೆ ನುಂಗಿ ಬಲೆ ಎಳೆಯುತ್ತಾರೆ. ಅಪಾಯ ಇರುವುದು ಕಾರವಾರದ ಬೈತಖೋಲದಂಥ ಬಂದರಿನ ಹರಾಜಿನ ಗುಂಪಿನಲ್ಲಿ. ಬೋಟುಗಳಿಗೆ ಸರದಿ ಹಚ್ಚಿ ಇಳಿಸುವುದು, ಸುತ್ತ ನಿಂತು ಕೂಗುವ ಹರಾಜಿನ ಬದಲು ಬೆಳಿಗ್ಗೆಯೇ ದರ ನಿಗದಿಮಾಡಿ ತೂಕದ ಮೇಲೆ ಕೊಡುವುದು, ಹೀಗೆ ದಾರಿಗಳಿದ್ದವು. ಎಲ್ಲರಿಗಿಂತ ಹೆಚ್ಚು ಸೋತವರು ಬುಟ್ಟಿ ಹೊತ್ತು ಮಾರುವ ಹೆಂಗಸರು. ಅವರ ಅಂಗಡಿ ಎಂದರೆ ಬಸ್ಸು ಮತ್ತು ಮನೆಬಾಗಿಲು. ಮೀನುಗಾರಿಕೆಗೆ ವಿನಾಯಿತಿ ಕೊಟ್ಟು ಬಸ್ಸು ನಿಲ್ಲಿಸಿದರೆ ಅವರಿಗೆ ವಿನಾಯಿತಿ ಸಿಕ್ಕಿದಂತಾಗಲಿಲ್ಲ.

ಬಯಲು ಮತ್ತು ಮುಚ್ಚಿದ ಕೋಣೆಯ ನಡುವಿನ ವ್ಯತ್ಯಾಸವನ್ನು ಆದೇಶಗಳು ಗಂಭೀರವಾಗಿ ಹಿಡಿಯಲೇ ಇಲ್ಲ. 2021ರ ಮೇ 20ರಂದು ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಹೇಳಿತು: ದೊಡ್ಡ ಹನಿಗಳು 2 ಮೀಟರಿನೊಳಗೆ ಬೀಳುತ್ತವೆ, ಸೂಕ್ಷ್ಮ ಕಣಗಳು ಗಾಳಿಯಲ್ಲಿ 10 ಮೀಟರ್‌ವರೆಗೂ ಸಾಗಬಲ್ಲವು, ಕಿಟಕಿ ತೆರೆದಿಡಿ. ಇದನ್ನು ಒಪ್ಪಿದರೆ ತೆರೆಯುವ ಕ್ರಮ ತಾನಾಗಿ ಬರುತ್ತದೆ. ಕಡಲತೀರದ ನಡಿಗೆ, ದಡದಿಂದ ರಂಪಣಿ ಬಲೆಯ ಎಳೆತ, ತೋಟದ ಕೆಲಸ, ಬಯಲಿನ ಸಂತೆ ಮೊದಲು. ಕಿಟಕಿ ತೆರೆದ ಬಸ್ಸು, ಒಂದು ಬದಿ ತೆರೆದ ಅಂಗಡಿ ಆಮೇಲೆ. ಎಸಿ ಇರುವ ಮಳಿಗೆ, ಕಲ್ಯಾಣ ಮಂಟಪ, ಕೂತು ಉಣ್ಣುವ ಹೋಟೆಲು ಕೊನೆಗೆ. ಮಳೆಗಾಲದಲ್ಲಿ ನಮ್ಮ ಬಸ್ಸಿನ ಕಿಟಕಿಗಳಿಗೆ ಟರ್ಪಾಲು ಇಳಿಯುತ್ತದೆ, ಮನೆಯ ಬಾಗಿಲು ಮುಚ್ಚುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ಅಪಾಯ ಕಡಿಮೆ ಇದ್ದದ್ದು ಜುಲೈನಲ್ಲಿ ಹಾಗೆ ಇರುವುದಿಲ್ಲ.

ದೇವಸ್ಥಾನ 2021ರ ಜುಲೈ 5ರಿಂದ ದರ್ಶನಕ್ಕೆ ಮಾತ್ರ ತೆರೆಯಿತು, ಸೇವೆಗೆ ಇಲ್ಲ. ಗೋಕರ್ಣದಲ್ಲಿ ಪಿತೃಕಾರ್ಯ ಮಾಡಿಸಿ ಬದುಕುವ ಮನೆಗಳಿಗೆ ಇದರಿಂದ ಏನೂ ಸಿಗಲಿಲ್ಲ. ಆದರೆ ಅವರ ಪಕ್ಕದ ಮನೆಯವರ ಭಯವೂ ಸುಳ್ಳಾಗಿರಲಿಲ್ಲ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವ ಕಾರುಗಳು ಯಾವ ಜಿಲ್ಲೆಯ ದರವನ್ನು ಹೊತ್ತು ತರುತ್ತವೆ ಎಂದು ಕೇಳುವ ಹಕ್ಕು ಅವರಿಗಿತ್ತು. ಸಮುದ್ರದ ದಡದಲ್ಲಿ, ಬಯಲಿನಲ್ಲಿ, ಒಂದು ಮನೆತನದ ಐದಾರು ಜನರ ಕಾರ್ಯಕ್ಕೆ ಸಮಯ ಹಂಚಿ ಕೊಟ್ಟು, ಗುಂಪು ದರ್ಶನವನ್ನು ಮುಂದೂಡಿದ್ದರೆ ಇಬ್ಬರ ಮಾತೂ ಉಳಿಯುತ್ತಿತ್ತು ಎಂದು ನನಗನಿಸುತ್ತದೆ.

ಇಷ್ಟನ್ನೂ ಮುಂಚೆಯೇ ಬರೆದು ಹೇಳಬೇಕಿತ್ತು. ದರ ಇಷ್ಟಕ್ಕೆ ಇಳಿದು 14 ದಿನ ನಿಂತರೆ ಇದು ತೆರೆಯುತ್ತದೆ, ಇಷ್ಟಕ್ಕೆ ಏರಿದರೆ ಇದು ಮುಚ್ಚುತ್ತದೆ, ಮುಚ್ಚಿದ ದಿನಗಳಿಗೆ ಇವರಿಗೆ ಇಷ್ಟು ರೇಷನ್, ಇಷ್ಟು ಹಣ ಎಂದು ಪಂಚಾಯತಿ ಗೋಡೆಯ ಮೇಲೆ. ಟಿವಿಯಲ್ಲಿ ಸಂಜೆ ಕೇಳಿ ಮರುದಿನ ಬೆಳಿಗ್ಗೆ ಪಾಲಿಸಬೇಕಾದ ನಿಯಮದ ಬಗ್ಗೆ ಜನ ಜಗಳವಾಡದೆ ಇರಲು ಸಾಧ್ಯವಿಲ್ಲ.

2021ರಲ್ಲಿ ಕಾಲವೂ ಕಾಯಲಿಲ್ಲ. ಬಿಗಿ ಲಾಕ್‌ಡೌನಿನ ನಡುವೆಯೇ, ಮೇ 15-16ರಂದು, ತೌಕ್ತೆ ಚಂಡಮಾರುತ ಕರಾವಳಿಯ ದಡ ಕೊರೆಯಿತು. ಮನೆಯಲ್ಲೇ ಇರಿ ಎಂದು ಹೇಳಿಸಿಕೊಂಡವರ ಮನೆಗೇ ನೀರು ನುಗ್ಗಿತು. ಜೂನ್ ಮೊದಲ ವಾರ ಹೇಗೋ ಮೊದಲ ಮದ್ದು ಹೊಡೆದ ತೋಟಗಳಿಗೆ ಎರಡನೆಯದರ ದಿನ ಬಂದದ್ದು ಜುಲೈ 20ರ ಸುಮಾರಿಗೆ. 22, 23ರಂದು ಕಾಳಿ, ಗಂಗಾವಳಿ ಉಕ್ಕಿದವು. ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿ ಕಟ್ಟಿತು, ಯಲ್ಲಾಪುರದ ಕಳಚೆಯಲ್ಲಿ ತೋಟಗಳೇ ಜಾರಿ ಹೋದವು. ಕಾಳಜಿ ಕೇಂದ್ರಗಳಲ್ಲಿ, ಮಳೆಗೆ ಕಿಟಕಿ ಮುಚ್ಚಿದ ಶಾಲೆಯ ಕೋಣೆಗಳಲ್ಲಿ, ಹತ್ತಾರು ಮನೆಯವರು ಒಂದೇ ಚಾಪೆಯ ಸಾಲಿನಲ್ಲಿ ಮಲಗಿದರು. ಅವರಲ್ಲಿ ಎರಡನೆಯ ಡೋಸಿನ ಸರದಿ ಇನ್ನೂ ಬರದ ಅಜ್ಜಿಯರೂ ಇದ್ದರು.